ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ

ನಾನು ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಓದುತ್ತಿದ್ದೇನೆ ಎಂದರೆ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: "ವಾದ ಮಾಡಿ ಗೆಲ್ಲೋದು ಹೇಗೆ ಅಂತ ಹೇಳಿಕೊಡ್ತಾರಾ?" ನನ್ನ ಅಭಿಪ್ರಾಯದಲ್ಲಿ ಈ ವಿಷಯ ಕಲಿಸುವುದು ತೀರ್ಮಾನಕ್ಕೆ ಬರುವ ಮೊದಲು ಸ್ವಲ್ಪ ನಿಂತು ಯೋಚಿಸುವುದನ್ನು.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುತ್ತೇವೆ. ಇದು ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆ. ನಮಗೆ ಕಂಡದ್ದು ಹೊಗೆ ಮಾತ್ರ. ಕಾಣದ ಬೆಂಕಿಯನ್ನು ತಿಳಿಯಲು 'ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ' ಎಂಬ ಸಂಬಂಧ ಬೇಕು. ಇದನ್ನೇ ವ್ಯಾಪ್ತಿ ಎನ್ನುತ್ತಾರೆ. ಆದರೆ ಅದನ್ನು ತಿರುಗಿಸಿ 'ಬೆಂಕಿ ಇರುವಲ್ಲೆಲ್ಲ ಹೊಗೆ ಇರುತ್ತದೆ' ಎಂದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಏಳಲು ಹಸಿ ಸೌದೆಯೂ ಬೇಕು. ಗಮನಕ್ಕೆ ಬಾರದೆ ಉಳಿಯುವ ಇಂಥ ಷರತ್ತನ್ನು ನೈಯಾಯಿಕರು ಉಪಾಧಿ ಎಂದು ಕರೆದರು.

ಇಸ್ಲಾಮೀ ಧರ್ಮಶಾಸ್ತ್ರದ ಕಿಯಾಸ್‌ನಲ್ಲೂ ಇದೇ ಎಚ್ಚರಿಕೆ ಇದೆ. ಮದ್ಯ ನಿಷಿದ್ಧವಾದದ್ದು ಅದರ ಅಮಲಿನಿಂದ. ಆದ್ದರಿಂದ ಅಮಲು ತರುವ ಬೇರೆ ಪದಾರ್ಥಗಳೂ ನಿಷಿದ್ಧ. ಕಾರಣ ದ್ರಾಕ್ಷಿಯೇ ಎಂದುಕೊಂಡರೆ ದ್ರಾಕ್ಷಿ ರಸವನ್ನೂ ಕುಡಿಯುವಂತಿಲ್ಲ! ದಾರ್ಶನಿಕರ ಹಲವು ವಾದಗಳನ್ನು ಖಂಡಿಸಿದ ಇಮಾಮ್ ಗಝಾಲಿಯವರು (1058–1111) ತರ್ಕವನ್ನು ಮಾತ್ರ ಕೈಬಿಡಲಿಲ್ಲ. ತಮ್ಮ 'ಅಲ್ ಮುಸ್ತಸ್ಫಾ' ಗ್ರಂಥದ ಆರಂಭದಲ್ಲೇ ತರ್ಕದ ಪೀಠಿಕೆಯನ್ನು ಇಟ್ಟರು.

ಇದು ಪರೀಕ್ಷೆಗೆ ಮಾತ್ರ ಓದುವ ಸಂಗತಿಯಲ್ಲ. 'ಆಸಕ್ತಿ ಇಲ್ಲದವರು ತರಗತಿಗೆ ಬರುವುದಿಲ್ಲ' ಎಂಬುದು ನಿಜವೇ ಇರಲಿ. ಅಷ್ಟರಿಂದ 'ತರಗತಿಗೆ ಬಾರದವರಿಗೆ ಆಸಕ್ತಿ ಇಲ್ಲ' ಎಂದು ಹೇಳಲಾಗದು. ಬಸ್ಸು ಸಿಗದಿರಬಹುದು, ತಾಯಿಗೆ ಹುಷಾರಿಲ್ಲದಿರಬಹುದು, ಅಂಗಡಿಯ ಕೆಲಸವಿರಬಹುದು. ಹಾಗೆಯೇ ಒಬ್ಬ ಮಾಡಿದ ತಪ್ಪನ್ನು ನೋಡಿ ಅವನ ಇಡೀ ಸಮುದಾಯವೇ ಹಾಗೆ ಎನ್ನುವುದು. ಒಂದು ಉದಾಹರಣೆಯಿಂದ ವ್ಯಾಪ್ತಿ ಸಿದ್ಧವಾಗುವುದಿಲ್ಲ. ಈ ತೀರ್ಮಾನದ ನೋವು ನಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿರುವ ನಾವೇ ಬೇರೆ ಊರಿನವರು, ಬೇರೆ ಭಾಷೆಯವರು, ಬೇರೆ ಧರ್ಮದವರ ಬಗ್ಗೆ ಹಾಗೆ ಮಾತನಾಡಿದರೆ ಹೇಗೆ?

ಆದ್ದರಿಂದ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನದೊಂದು ಮನವಿ. ವಿಜ್ಞಾನ, ವಾಣಿಜ್ಯ ವಿಭಾಗದವರಿಗೂ ತಿಂಗಳಿಗೊಂದು ಪೀರಿಯಡ್ ತರ್ಕಶಾಸ್ತ್ರ ಇರಲಿ, ಅಂಕ ಬೇಡ. ಅಲ್ಲಿಯವರೆಗೆ ಗೆಳೆಯರೇ, ಯಾರ ಬಗ್ಗೆಯಾದರೂ "ಅಂದ ಮೇಲೆ ಅವನು ಇಂಥವನೇ" ಎನ್ನುವ ಮೊದಲು ಒಮ್ಮೆ ಕೇಳಿಕೊಳ್ಳೋಣ: ನಾನು ನೋಡದ ಹಸಿ ಸೌದೆ ಎಲ್ಲಾದರೂ ಇದೆಯೇ?