ಎಣಿಸುವ ಮೊದಲು ಕೇಳಿರಿ



ನಮ್ಮ ಮಲೆಯ ಊರುಗಳಿಗೆ ಸಮೀಕ್ಷೆಗಳ ಬರವಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಂಗಳಗಳಿಗೆ ನಮೂನೆ ಹಿಡಿದವರು ಬರುತ್ತಲೇ ಇದ್ದಾರೆ. ಮನೆಯಲ್ಲಿ ಎಷ್ಟು ಜನ, ಜಾಗ ಎಷ್ಟು, ಅಡಿಕೆ ಮರ ಎಷ್ಟು? ಹೌದು, ಇಲ್ಲ, ಗೊತ್ತಿಲ್ಲ. ಹತ್ತು ನಿಮಿಷಗಳಲ್ಲಿ ಒಂದು ಮನೆ ಅಂಕಿಯಾಗಿ ಚೀಲ ಸೇರುತ್ತದೆ. ಆ ಅಂಕಿಗೆ ವಿಜ್ಞಾನದ ಪಟ್ಟ. ಅದೇ ಜಗಲಿಯಲ್ಲಿ ಕುಳಿತ ಅಜ್ಜಿಯ ಮಾತಿಗೆ ಕಟ್ಟುಕತೆಯೆಂಬ ಹೆಸರು. ಈ ಮೇಲುಕೀಳನ್ನು ನಾವು ಒಪ್ಪಲಾಗದು.

ಎಂಡೋಸಲ್ಫಾನ್‌ನ ಚರಿತ್ರೆಯನ್ನೇ ನೋಡಿ. ಪುತ್ತೂರಿನ ಗಡಿಗೆ ತಾಗಿಕೊಂಡಿರುವ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ, ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ವಿಷ ಸುರಿಯಿತು. ಅಲ್ಲಿ ಏನೋ ಕೆಟ್ಟಿದೆಯೆಂದು ಮೊದಲು ಹೇಳಿದ್ದು ಯಾವ ಅಂಕಿಅಂಶ ಇಲಾಖೆಯೂ ಅಲ್ಲ. ಅಂಗವೈಕಲ್ಯದಿಂದ ಹುಟ್ಟಿದ ಕರುಗಳನ್ನು ಕಂಡು ಪ್ರಶ್ನೆಯೆತ್ತಿದವರು ಪತ್ರಕರ್ತ ಶ್ರೀಪಡ್ರೆ. ತಮ್ಮ ಬಳಿಗೆ ಬಂದ ರೋಗಿಗಳ ಮಾತುಗಳನ್ನು ಕೇಳುತ್ತ, ಒಂದೇ ಆಸುಪಾಸಿನ ಮನೆಗಳಲ್ಲಿ ಕಾಯಿಲೆಗಳು ದಟ್ಟವಾಗಿರುವುದನ್ನು ಗುರುತಿಸಿದವರು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದದ್ದು 2001ರಲ್ಲಿ. ಅದು ಪಡ್ರೆಯ 117 ಹುಡುಗರನ್ನು ಮೀಂಜದ 90 ಹುಡುಗರೊಡನೆ ಹೋಲಿಸಿ, ಪಡ್ರೆಯ ಮಕ್ಕಳ ರಕ್ತದಲ್ಲಿ ವಿಷದ ಅಂಶ ಹೆಚ್ಚಿರುವುದನ್ನೂ ಪ್ರೌಢತೆ ತಡವಾಗುತ್ತಿರುವುದನ್ನೂ 2003ರಲ್ಲಿ ಪ್ರಕಟಿಸಿತು. ಸುಪ್ರೀಂ ಕೋರ್ಟಿನ ತಡೆ 2011ರ ಮೇ 13ರಂದು ಬಂತು. ಮಾತು ಮೊದಲು, ಅಂಕಿ ಆಮೇಲೆ. ಯಾವ ಊರಿನ ರಕ್ತ ತೆಗೆಯಬೇಕೆಂದು ತೋರಿಸಿಕೊಟ್ಟದ್ದೇ ಊರಿನ ಮಾತು.

‘ನಾಲ್ಕು ಜನರ ಮಾತು ಸಾಕ್ಷ್ಯವಾದೀತೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನೆನಪು ಮಾಸುತ್ತದೆ, ಭಯ ಮಾತನ್ನು ಬದಲಿಸುತ್ತದೆ. ಎಷ್ಟು ಮಂದಿಗೆ, ಯಾವ ಕಾರಣದಿಂದ ಎಂಬುದನ್ನು ಮಾತೊಂದೇ ನಿರ್ಣಯಿಸದು. ಆದರೆ ನಮೂನೆ ಮಾತ್ರ ನಿಷ್ಪಕ್ಷಪಾತಿಯೆ? ಗರ್ಭಪಾತದ ಅಂಕಣವೇ ಇಲ್ಲದ ನಮೂನೆಯಲ್ಲಿ ಗರ್ಭಪಾತವೇ ನಡೆದಿರುವುದಿಲ್ಲ. ಅಂಕಣವಿದ್ದರೂ, ಗಂಡಸರ ಎದುರು, ಅಪರಿಚಿತ ಗಂಡಸೊಬ್ಬನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಯಾವ ತಾಯಿ ಬಾಯಿ ಬಿಟ್ಟಾಳು? ಅಲ್ಲಿ ಬರೆದ ‘ಇಲ್ಲ’ವೂ ಸುಳ್ಳೇ, ಅಚ್ಚುಕಟ್ಟಾದ ಸುಳ್ಳು ಎಂಬುದಷ್ಟೇ ವ್ಯತ್ಯಾಸ.

ಗುಣಾತ್ಮಕ ಸಂಶೋಧನೆಯೆಂದರೆ ಹರಟೆಯಲ್ಲ. ಅದಕ್ಕೆ ಕಟ್ಟುನಿಟ್ಟಾದ ಶಿಸ್ತಿದೆ. ವಿದ್ಯಾರ್ಥಿ ಮಿತ್ರರು ಅದನ್ನು ಕಲಿಯಬೇಕು, ಊರವರೂ ಕಲಿಯಬೇಕು.

ಮೊದಲನೆಯದು, ಯಾರನ್ನು ಕೇಳಬೇಕೆಂಬ ವಿವೇಕ. ಇಲ್ಲಿ ಚೀಟಿಯೆತ್ತುವ ಕ್ರಮವಿಲ್ಲ. ವಿಷಯ ಬಲ್ಲವರನ್ನು ಉದ್ದೇಶಪೂರ್ವಕವಾಗಿ ಆರಿಸಬೇಕು. ತೋಟದ ಯಜಮಾನನ ಜೊತೆಗೆ ಔಷಧಿ ಬಿಡುವ ಕೂಲಿಯಾಳು, ಬೀಡಿ ಕಟ್ಟುವ ಹೆಂಗಸು, ಕಾಡಂಚಿನ ಮಲೆಕುಡಿಯ ಕುಟುಂಬ ಇವರೆಲ್ಲ ಬೇಕು. ಹೊಸ ಸಂಗತಿ ಬರುವುದು ನಿಂತಾಗಲೇ ಕೇಳುವುದನ್ನು ನಿಲ್ಲಿಸಬೇಕು.

ಎರಡನೆಯದು, ಪ್ರಶ್ನೆಯ ರೀತಿ. ‘ವಿಷದಿಂದ ನಿಮಗೆ ತೊಂದರೆಯಾಯಿತಲ್ಲವೆ?’ ಎನ್ನುವುದು ಪ್ರಶ್ನೆಯಲ್ಲ, ಉತ್ತರ ಹೇಳಿಕೊಡುವುದು. ‘ಹೆಲಿಕಾಪ್ಟರ್ ಬಂದ ದಿನ ಏನೇನು ನಡೆಯಿತು?’ ಎಂದು ಕೇಳಿ ಸುಮ್ಮನಿರಬೇಕು. ಇಸವಿ ನೆನಪಿಲ್ಲದವರಿಗೆ ಪತ್ತನಾಜೆಗೆ ಮೊದಲೋ, ಆಟಿಯಲ್ಲೋ, ಗೇರು ಹೂ ಬಿಡುವ ಕಾಲದಲ್ಲೋ ಎಂಬುದು ನೆನಪಿರುತ್ತದೆ. ತುಳು, ಅರೆಭಾಷೆ, ಬ್ಯಾರಿ, ಮಲಯಾಳಂ, ಹವಿಗನ್ನಡ, ಯಾವುದು ಅವರ ಮನೆಮಾತೋ ಅದರಲ್ಲೇ ಕೇಳಬೇಕು.

ಮೂರನೆಯದು, ಬರೆದಿಡುವ ಪ್ರಾಮಾಣಿಕತೆ. ಕಂಡದ್ದು, ಕೇಳಿದ್ದು, ನಾವು ಊಹಿಸಿದ್ದು ಮೂರನ್ನೂ ಬೇರೆ ಬೇರೆ ಬರೆಯಬೇಕು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ, ಆಸ್ಪತ್ರೆಯ ಚೀಟಿಯೊಡನೆ, ಶಾಲೆಯ ಹಾಜರಿ ಪುಸ್ತಕದೊಡನೆ ತಾಳೆ ನೋಡಬೇಕು. ನಮ್ಮ ವಾದಕ್ಕೆ ಒಗ್ಗದ ಮನೆಯನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಚಳವಳಿಯವರು ತಪ್ಪಿಸಿಕೊಳ್ಳುವುದು ಇದನ್ನೇ. ಹಾಗೆ ತಪ್ಪಿಸಿಕೊಂಡದ್ದು ಪ್ರಚಾರವಾಗುತ್ತದೆ, ಸಂಶೋಧನೆಯಾಗದು.

ನಾಲ್ಕನೆಯದು, ಋಣ. ಒಪ್ಪಿಗೆ ಪಡೆದು ಕೇಳಬೇಕು, ಹೆಸರು ಕಾಯಬೇಕು, ಕಂಡುಕೊಂಡದ್ದನ್ನು ಊರಿಗೆ ತಂದು ಓದಿ ಹೇಳಬೇಕು. ಪದವಿ ಸಿಕ್ಕಿದ ಮೇಲೆ ಈ ದಾರಿಗೆ ತಲೆ ಹಾಕದವರು ಎಷ್ಟಿಲ್ಲ?

ಕೇಳದೆ ನಿರ್ಧರಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಘಟ್ಟದ ವರದಿಗಳೇ ಸಾಕ್ಷಿ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯು ತನ್ನ ಶಿಫಾರಸುಗಳನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಬಯಸಿತು. 2013ರ ಕಸ್ತೂರಿರಂಗನ್ ಸಮಿತಿಯು ಉಪಗ್ರಹ ಚಿತ್ರಗಳನ್ನು ಆಧರಿಸಿ, ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಸಹಜ ಸಸ್ಯಸಂಪತ್ತುಳ್ಳ ಗ್ರಾಮಗಳನ್ನು ಸೂಕ್ಷ್ಮವೆಂದು ಗುರುತಿಸಿತು. 2014ರಿಂದ 2024ರ ಜುಲೈವರೆಗೆ ಆರು ಕರಡು ಅಧಿಸೂಚನೆಗಳು ಹೊರಟವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಉಪಗ್ರಹಕ್ಕೆ ಹಸಿರು ಕಾಣುತ್ತದೆ. ಕುಮ್ಕಿಯ ಸೊಪ್ಪಿನ ಲೆಕ್ಕ, ಕಟ್ಟದ ನೀರಿನ ಸರದಿ, ಯಾರು ಎಲ್ಲಿಂದ ಸೌದೆ ತರುತ್ತಾರೆಂಬುದು ಕಾಣದು. ಇತ್ತ ‘ನಿಮ್ಮನ್ನೆಲ್ಲ ಒಕ್ಕಲೆಬ್ಬಿಸುತ್ತಾರೆ’ ಎಂದು ಭಾಷಣ ಬಿಗಿದವರಾದರೂ ಊರನ್ನು ಕೇಳಿದರೆ? ಅವರೂ ಕೇಳಲಿಲ್ಲ, ಹೆದರಿಸಿದರು. ಮೇಲಿನ ನಕ್ಷೆ, ಕೆಳಗಿನ ಗದ್ದಲ, ಇವೆರಡರ ನಡುವೆ ಊರಿನ ದನಿ ಅಡಗಿತು.

ಆದ್ದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ನಿಮ್ಮದೇ ಊರಿನ ಹತ್ತು ಮನೆಗಳ ಜಗಲಿಯಲ್ಲಿ ಕುಳಿತುಕೊಳ್ಳಿರಿ. ತೋಡು ಯಾವ ತಿಂಗಳು ಬತ್ತುತ್ತದೆ, ಮೊದಲು ಯಾವಾಗ ಬತ್ತುತ್ತಿತ್ತು, ಗುಡ್ಡ ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೇಳಿ ಬರೆಯಿರಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿರಿ. ಹಿರಿಯರೇ, ಇನ್ನು ನಮೂನೆ ಹಿಡಿದು ಬಂದವರಿಗೆ ಬೆಲ್ಲ-ನೀರು ಕೊಟ್ಟು ಕುಳ್ಳಿರಿಸಿ, ನೀವೇ ಮೊದಲ ಪ್ರಶ್ನೆ ಹಾಕಿರಿ: ‘ಈ ಕಾಗದದಲ್ಲಿ ನಮ್ಮ ಮಾತಿಗೆ ಜಾಗ ಎಲ್ಲಿದೆ?’