ಮೊಣಕಾಲಿನ ಕಾವಲು ಸೊಂಟದಲ್ಲಿ

“ಕಬಡ್ಡಿಯಾಡುವಾಗ ನನ್ನ ಮಗನ ಮೊಣಕಾಲಿನ ಒಳಗಿನ ರಜ್ಜು ಹರಿಯಿತು. ಶಸ್ತ್ರಕ್ರಿಯೆಯಾಗಿ ಆರು ತಿಂಗಳಾದವು. ಈಗ ನೋವಿಲ್ಲ, ಬಾವಿಲ್ಲ. ಆದರೂ ಅಂಗಸಾಧನೆ ಮಾಡಿಸುವವರು ಅವನನ್ನು ಆಟಕ್ಕೆ ಬಿಡದೆ, ಮಗ್ಗುಲಾಗಿ ಮಲಗಿಸಿ ಕಾಲೆತ್ತಿಸುತ್ತಿದ್ದಾರೆ. ಗಾಯ ಮೊಣಕಾಲಿಗೆ, ಉಪಚಾರ ಸೊಂಟಕ್ಕೆ! ಇದೆಂಥ ಚಿಕಿತ್ಸೆ?” ಎಂದು ವಾಚಕರೊಬ್ಬರು ಕೇಳಿದ್ದಾರೆ.

ಪ್ರಶ್ನೆ ಸಹಜವಾದುದೇ. ತೊಡೆಯೆಲುಬಿಗೂ ಕೆಳಗಾಲಿನ ಎಲುಬಿಗೂ ನಡುವೆ ಓರೆಯಾಗಿ ಹಾಯ್ದಿರುವ ರಜ್ಜುವೊಂದುಂಟು. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆಯೂ ಅತಿಯಾಗಿ ತಿರುಚಿಕೊಳ್ಳದಂತೆಯೂ ಅದು ಹಿಡಿದಿಡುತ್ತದೆ. ವೈದ್ಯರು ಇದನ್ನು ಎ.ಸಿ.ಎಲ್. ಎನ್ನುವರು. ಇದು ಹರಿಯುವುದು ಬಹುಮಟ್ಟಿಗೆ ಎದುರಾಳಿಯ ನೇರ ಪೆಟ್ಟಿನಿಂದಲ್ಲ. ಓಡುತ್ತಿದ್ದವರು ಥಟ್ಟನೆ ದಿಕ್ಕು ಬದಲಿಸಿದಾಗ, ಇಲ್ಲವೆ ನೆಗೆದು ಒಂಟಿಗಾಲಿನ ಮೇಲೆ ಇಳಿದಾಗ.

ಆ ಕ್ಷಣದಲ್ಲಿ ತೊಡೆಯನ್ನು ನೆಟ್ಟಗೆ ನಿಲ್ಲಿಸುವವರು ಯಾರು? ಸೊಂಟದ ಪಕ್ಕದಲ್ಲಿಯೂ ಹಿಂಭಾಗದಲ್ಲಿಯೂ ಇರುವ ಸ್ನಾಯುಗಳು. ಅವು ದುರ್ಬಲವಾಗಿದ್ದರೆ, ಮೈಭಾರ ಬಿದ್ದೊಡನೆ ತೊಡೆ ಒಳಕ್ಕೆ ಹೊರಳುತ್ತದೆ. ಮೊಣಕಾಲು ಇನ್ನೊಂದು ಕಾಲಿನತ್ತ ವಾಲುತ್ತದೆ. ರಜ್ಜುವಿನ ಮೇಲೆ ಎಳೆತ ಹೆಚ್ಚುತ್ತದೆ. ಮೇಲಿನ ತಿರುಗಣಿ ಸಡಿಲಿದ ಬಾಗಿಲು ಹೊಸ್ತಿಲಿಗೆ ಉಜ್ಜುವುದನ್ನು ಕಂಡಿದ್ದೀರಿ. ಹೊಸ್ತಿಲನ್ನು ಕೆತ್ತಿದರೆ ಫಲವೇನು? ತಿರುಗಣಿಯನ್ನು ಬಿಗಿಮಾಡಬೇಕು.

ಇದು ಬರಿಯ ಊಹೆಯಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 501 ಮಂದಿ ಕ್ರೀಡಾಪಟುಗಳ ಸೊಂಟದ ಬಲವನ್ನು ಆಟದ ಋತುವಿಗೆ ಮುನ್ನವೇ ಅಳೆದಿಟ್ಟರು. ಋತು ಮುಗಿಯುವುದರೊಳಗೆ 15 ಮಂದಿಗೆ ಯಾರ ಪೆಟ್ಟೂ ಇಲ್ಲದೆ ಈ ರಜ್ಜು ಹರಿಯಿತು. ಅವರ ಸೊಂಟದ ಬಲ ಉಳಿದವರಿಗಿಂತ ಕಡಿಮೆಯಿದ್ದುದು ಕಂಡುಬಂದಿತು.

ನಿಮ್ಮ ಮಗನ ವಿಷಯದಲ್ಲಿ ಇನ್ನೊಂದು ಕಾರಣವೂ ಉಂಟು. ಹರಿದ ರಜ್ಜುವಿನ ಜಾಗದಲ್ಲಿ, ಸಾಮಾನ್ಯವಾಗಿ ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದ ನಾರನ್ನು ಕಸಿಮಾಡುತ್ತಾರೆ. ಈ ಕಸಿ ಮೊದಲ ಕೆಲವು ವಾರಗಳಲ್ಲಿ ಬಲಗುಂದಿ, ಹೊಸ ರಕ್ತನಾಳಗಳು ಹಬ್ಬಿದ ಮೇಲೆ ಮೆಲ್ಲಮೆಲ್ಲನೆ ಬಲಿಯುತ್ತದೆ. ನೋವು ಹೋಗುವುದು ಮೊದಲು, ಕಸಿ ಗಟ್ಟಿಯಾಗುವುದು ಆಮೇಲೆ. ಮೋಸಹೋಗುವುದು ಇಲ್ಲಿಯೇ.

ಚಿಕಿತ್ಸಕರ ಒಪ್ಪಿಗೆ ಪಡೆದು, ಮಗನನ್ನು ಕನ್ನಡಿಯ ಮುಂದೆ ಒಂಟಿಗಾಲಿನಲ್ಲಿ ನಿಲ್ಲಿಸಿ, ಮಂಡಿಯನ್ನು ತುಸು ಬಗ್ಗಿಸಲು ಹೇಳಿ. ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿಯಿತೆ? ಮಂಡಿ ಹೆಬ್ಬೆರಳನ್ನು ದಾಟಿ ಒಳಕ್ಕೆ ಸರಿಯಿತೆ? ಹಾಗಾದರೆ ಇನ್ನೂ ಕೆಲಸ ಉಳಿದಿದೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು; ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ಸೇತುವೆಯಂತೆ ಮೇಲೆತ್ತುವುದು; ಎರಡು ಕಾಲಿಗೂ ರಬ್ಬರು ಪಟ್ಟಿ ತೊಡಿಸಿ ಅಡ್ಡಡ್ಡಲಾಗಿ ನಡೆಯುವುದು; ಗಿಡ್ಡ ಮೆಟ್ಟಿಲಿನಿಂದ ಒಂಟಿಗಾಲಿನ ಹತೋಟಿಯಲ್ಲಿ ನಿಧಾನವಾಗಿ ಇಳಿಯುವುದು – ಇವೆಲ್ಲ ನೋಡಲು ಹಗುರ, ಮಾಡಲು ಕಠಿಣ. ಆದರೆ ಸೊಂಟವೊಂದೇ ಸಾಲದು. ತೊಡೆಯ ಮುಂಭಾಗದ ಸ್ನಾಯು ಶಸ್ತ್ರಕ್ರಿಯೆಯ ಬಳಿಕ ಬಹಳ ಸೊರಗುವುದರಿಂದ ಅದನ್ನೂ ಬೆಳೆಸಬೇಕು.

ಆಟಕ್ಕೆ ಎಂದು? ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ದಿನಗಳೆದರಷ್ಟೇ ಸಾಲದು, ಬಲದಲ್ಲಿಯೂ ಜಿಗಿತದಲ್ಲಿಯೂ ಆ ಕಾಲು ಇನ್ನೊಂದರ ಶೇಕಡ 90ನ್ನಾದರೂ ಮುಟ್ಟಬೇಕೆಂಬುದು ವಾಡಿಕೆಯ ಅಳತೆ.

ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಮೊಣಕಾಲಿಗೆ ಗಾಯವಾಗಿ, ಸ್ಟ್ರೆಚರಿನ ಮೇಲೆ ಕಣದಿಂದ ಹೊರಬಂದರು. ಅವರೇ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ನಡುವಿನ ಎರಡು ವರ್ಷಗಳ ದುಡಿಮೆಗೆ ಚಪ್ಪಾಳೆ ತಟ್ಟುವವರಿರುವುದಿಲ್ಲ.

ಆದುದರಿಂದ, ಮಹನೀಯರೆ, ಊರ ಪಂದ್ಯ ಮುಂದಿನ ವರ್ಷವೂ ನಡೆದೀತು. “ಎಂದು ಆಡುವೆ?” ಎಂದು ಮಗನನ್ನು ಕೇಳುವ ಬದಲು, “ಇಂದು ಎಷ್ಟು ಸಾರಿ ಕಾಲೆತ್ತಿದೆ?” ಎಂದು ಕೇಳಿರಿ. ಅದೇ ನೀವು ಅವನಿಗೆ ಮಾಡಬಹುದಾದ ದೊಡ್ಡ ಉಪಕಾರ.