ಪುಟ್ಟ ಮಗುವಿಗೆ ಹಳೇ ಕಂಪ್ಯೂಟರ್: ಕೊಡುವ ಮುನ್ನ ಇಷ್ಟು ನೋಡಿ

"ಎರಡು ವರ್ಷಕ್ಕೇ ಕಂಪ್ಯೂಟರ್ ಮುಂದೆ ಕೂರಿಸಿ, ಮಗು ಚುರುಕಾಗುತ್ತೆ" ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಮನ್‌ಮುಲ್ ಡೇರಿಯಿಂದ ಹೆಸರಾದ ಗೆಜ್ಜಲಗೆರೆಯಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಗು ಅಜ್ಜಿಯ ಜೊತೆ ಇರುತ್ತದೆ. ಬೆಂಗಳೂರಿನ ಚಿಕ್ಕಪ್ಪ ತಮ್ಮ ಹಳೇ ಕಂಪ್ಯೂಟರನ್ನು "ಮಗುವಿಗೆ ಇರಲಿ" ಎಂದು ತಂದಿಟ್ಟಿದ್ದಾರೆ. ಮುಂದೇನು?

ಬೇಗ ಕೊಟ್ಟರೆ ಬುದ್ಧಿ ಬೆಳೆಯುತ್ತದೆಯೇ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಒಂದು ವರ್ಷದ ಮಗುವಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯೂ ಹೆಚ್ಚುಕಡಿಮೆ ಇದೇ. ಪುಟ್ಟ ಮಕ್ಕಳು ಪರದೆಗಿಂತ ಎದುರಿಗಿರುವ ಮನುಷ್ಯರಿಂದಲೇ ಹೆಚ್ಚು ಕಲಿಯುತ್ತಾರೆ. ನಾವು ಮಾತಾಡಿದರೆ ಮಗು ತಿರುಗಿ ಮಾತಾಡುತ್ತದೆ, ಅದಕ್ಕೆ ನಾವು ಉತ್ತರ ಕೊಡುತ್ತೇವೆ. ವಿಡಿಯೊ ಹಾಗೆ ಮಾಡುವುದಿಲ್ಲ. ಹಾಗಾಗಿ ಎರಡು ವರ್ಷ ತುಂಬುವ ತನಕ ಆ ಕಂಪ್ಯೂಟರ್ ಮೂಲೆಯಲ್ಲೇ ಇರಲಿ.

ದೊಡ್ಡ ಅಪಾಯ ಒಂದು ಪುಟ್ಟ ಬಿಲ್ಲೆ

ಕರೆಂಟಿಗೆ ನಾವೆಲ್ಲ ಹೆದರುತ್ತೇವೆ, ಅದು ಸರಿಯೇ. ಆದರೆ ಸಿಪಿಯು ಒಳಗೆ, ಮದರ್‌ಬೋರ್ಡ್ ಮೇಲೆ, ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ. ಗಡಿಯಾರದ ಸಮಯ ಉಳಿಸಿಕೊಳ್ಳಲು ಅದು ಬೇಕು. ರಿಪೇರಿ ಮಾಡುವಾಗ ಹಳೇ ಸೆಲ್ ತೆಗೆದು ಕಿಟಕಿ ಮೇಲೆ ಇಡುವುದುಂಟು. ಚಿಕ್ಕ ರಿಮೋಟ್, ಆಟಿಕೆಗಳಲ್ಲೂ ಇಂಥದ್ದೇ ಇರುತ್ತದೆ.

ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಮಾಂಸಕ್ಕೆ ತಗುಲಿ ಸೆಲ್‌ನಿಂದ ಕರೆಂಟ್ ಹರಿಯುತ್ತದೆ. ಅಲ್ಲಿ ಸುಡುವ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೇ ಗಂಭೀರ ಗಾಯ ಆಗಬಹುದು. "ಸೆಲ್ ಸತ್ತಿದೆ, ಏನೂ ಆಗಲ್ಲ" ಎನ್ನುವುದು ತಪ್ಪು. ಉಪಕರಣ ನಡೆಸಲಾಗದ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. "ಬಾಳೆಹಣ್ಣು ತಿನ್ನಿಸಿ, ನಾಳೆ ಹೊರಗೆ ಬರುತ್ತೆ" ಎಂದು ಕಾಯುವುದು ಇನ್ನೂ ದೊಡ್ಡ ತಪ್ಪು.

ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ. ಒಂದು ವರ್ಷ ದಾಟಿದ, ನುಂಗಲು ಆಗುವ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಮಚ (10 ಮಿ.ಲೀ.) ಜೇನುತುಪ್ಪ ಕೊಡಬಹುದು, ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಜೋಡಿಸುವುದು ಹೇಗೆ?

• ಸಿಪಿಯು ಕವಚಕ್ಕೆ ಸ್ಕ್ರೂ ಬಿಗಿಯಾಗಿರಲಿ. ಅದನ್ನೂ ಯುಪಿಎಸ್ಸನ್ನೂ ಮಗುವಿನ ಕೈಗೆಟುಕದ ಕಡೆ ಇಡಿ.

• ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇರಲೇಬೇಕು. ಮನೆಯ ಮೀಟರ್ ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದರೆ, ಕರೆಂಟ್ ಮೈಮೂಲಕ ನೆಲಕ್ಕೆ ಹರಿದಾಗ ಅದು ಕ್ಷಣದಲ್ಲಿ ಕಟ್ ಮಾಡುತ್ತದೆ.

• ಮಾನಿಟರನ್ನು ಗೋಡೆಗೆ ಕಟ್ಟಿ. ವೈರ್ ಮೇಜಿನಿಂದ ಜೋಲಾಡಿದರೆ ಮಗು ಹಿಡಿದು ಎಳೆಯುತ್ತದೆ, ಕುತ್ತಿಗೆಗೂ ಸುತ್ತಿಕೊಳ್ಳಬಹುದು.

• ಲ್ಯಾಪ್‌ಟಾಪ್‌ಗಿಂತ ಡೆಸ್ಕ್‌ಟಾಪ್ ವಾಸಿ. ಹಾಲು ಚೆಲ್ಲಿದರೆ ಹಾಳಾಗುವುದು ಕಡಿಮೆ ಬೆಲೆಯ ಕೀಬೋರ್ಡ್ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಅದೇ ಹಾಲು ಮದರ್‌ಬೋರ್ಡಿಗೆ ಇಳಿಯುತ್ತದೆ. ಮೌಸ್, ಕೀಬೋರ್ಡ್ ಎರಡೂ ಸೆಲ್ ಇಲ್ಲದ, ವೈರ್ ಇರುವಂಥವೇ ಇರಲಿ.

• ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಒಳಗೆ ತಿರುಗುವ ಭಾಗ ಇಲ್ಲದ್ದರಿಂದ ಏಟು ತಡೆಯುತ್ತದೆ.

• ಮಗುವಿಗೆ ಬೇರೆ ಅಕೌಂಟ್ ಮಾಡಿ, ಇಂಟರ್ನೆಟ್ ಆಫ್ ಮಾಡಿ. 2ರಿಂದ 10 ವರ್ಷದವರಿಗಾಗಿ ಇರುವ ಜಿಕಾಂಪ್ರಿ ಎಂಬ ಉಚಿತ ತಂತ್ರಾಂಶ ಇನ್‌ಸ್ಟಾಲ್ ಆದಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಕೊನೆಗೆ

ಇಷ್ಟೆಲ್ಲ ಮಾಡಿದರೂ ಪಕ್ಕದಲ್ಲಿ ದೊಡ್ಡವರು ಕೂರಲೇಬೇಕು. ಕಂಪ್ಯೂಟರ್ ಮಗುವನ್ನು ನೋಡಿಕೊಳ್ಳುವುದಿಲ್ಲ. ಅಜ್ಜಿ ಜೊತೆಗೆ ಕೂತು "ಇದು ಯಾವ ಪ್ರಾಣಿ, ಪುಟ್ಟಾ?" ಎಂದು ಕೇಳಿದಾಗಲೇ ಅದರಿಂದ ಪ್ರಯೋಜನ.

ಇವತ್ತು ಮನೆಯಲ್ಲಿ ಒಮ್ಮೆ ಹುಡುಕಿ, ಬಿಡಿಯಾಗಿ ಬಿದ್ದಿರುವ ಬಟನ್ ಸೆಲ್ ಎಲ್ಲಿದೆ ನೋಡಿ. ಸಿಕ್ಕರೆ ಎರಡೂ ಕಡೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು ಇ-ತ್ಯಾಜ್ಯಕ್ಕೆ ಕೊಡಿ. ಮಕ್ಕಳಿರುವ ಮನೆಯವರಿಗೆ ಈ ಮಾತನ್ನು ಫಾರ್ವರ್ಡ್ ಮಾಡಿ.